ವಾಲ್ಡನ್ ಕುಂಟೆ

ಗ್ರಂಥವೊಂದು ಬರೆದವನ ಕೈಯಲ್ಲಿ ಅರ್ಧ ಮಾತ್ರ ಮುಗಿದಿರುತ್ತದೆ. ಉಳಿದರ್ಧವನ್ನು ಪೂರೈಸುವವನು ಓದುಗ. ನಮ್ಮ ಆಲಂಕಾರಿಕರು ಇದನ್ನು ಚೆನ್ನಾಗಿ ಬಲ್ಲವರಾದುದರಿಂದಲೇ ಓದುಗನಿಗೆ ‘ಸಹೃದಯ’ನೆಂಬ ಹೆಸರನ್ನಿತ್ತು ಕವಿಯ ಮಗ್ಗುಲಲ್ಲಿಯೇ ಕುಳ್ಳಿರಿಸಿದರು. ಸಹೃದಯತೆಯು ವಯಸ್ಸನ್ನಾಗಲಿ ಪದವಿಯನ್ನಾಗಲಿ ನೋಡಿ ಬರುವಂಥದಲ್ಲ. ಬಾಗಲಗುಂಟೆಯ ಹದಿನೇಳು ವರ್ಷದ ವಿದ್ಯಾರ್ಥಿನಿಯೊಬ್ಬಳು ಹತ್ತೊಂಬತ್ತನೆಯ ಶತಮಾನದ ಮೂರು ಅಮೆರಿಕನ್ ಗ್ರಂಥಗಳನ್ನು ಓದಿ, ತನಗೆ ತೋರಿದುದನ್ನು ಒಂದು ನೋಟುಪುಸ್ತಕದಲ್ಲಿ ಕನ್ನಡದಲ್ಲಿ ಬರೆದಿಟ್ಟ ವೃತ್ತಾಂತವು ಈ ಮಾತಿಗೆ ನಿದರ್ಶನವಾಗಿದೆ.

ಬಾಗಲಗುಂಟೆಯು ಬೆಂಗಳೂರಿನ ವಾಯವ್ಯಕ್ಕೆ, ತುಮಕೂರು ರಸ್ತೆಯಿಂದ ಹೆಸರಘಟ್ಟದ ಕಡೆಗೆ ಕವಲೊಡೆಯುವ ಹಾದಿಯ ಮಗ್ಗುಲಲ್ಲಿರುವ ಊರು. ಹಿಂದೆ ಹೊಲಗದ್ದೆಗಳ ಗ್ರಾಮ. ನೆರೆಯಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶವು ಬೆಳೆದಂತೆಲ್ಲ ದುಡಿಯುವ ಜನರ ಬೀಡಾಯಿತು. 2007ರಲ್ಲಿ ದಾಸರಹಳ್ಳಿಯೊಡನೆ ಮಹಾನಗರದ ಎಲ್ಲೆಯೊಳಗೆ ಸೇರಿತು. 2015ರಲ್ಲಿ ಮೆಟ್ರೋ ರೈಲು ನಾಗಸಂದ್ರದವರೆಗೆ ಬಂದಿತು. ಊರಿನ ಹೆಸರಿನ ಕೊನೆಯ ಪದ ‘ಕುಂಟೆ’. ಕುಂಟೆಯೆಂದರೆ ಚಿಕ್ಕ ಕೆರೆ, ಕೊಳ. ಸಮಾಸದಲ್ಲಿ ಉತ್ತರಪದದ ಆದಿಯ ಕಕಾರಕ್ಕೆ ಗಕಾರವು ಆದೇಶವಾಗಿ ಬರುವುದರಿಂದ ಕುಂಟೆಯು ಗುಂಟೆಯಾಯಿತು. ಈ ಸಂಧಿಕಾರ್ಯವನ್ನು ತರಗತಿಯಲ್ಲಿ ಕಲಿತಿದ್ದ ಆ ವಿದ್ಯಾರ್ಥಿನಿಗೆ ಮುಂದೆ ಅದು ಬೇರೊಂದು ರೀತಿಯಲ್ಲಿ ಉಪಯೋಗಕ್ಕೆ ಬಂದಿತು.

ಆಕೆಯ ತಂದೆ ಗದಗದ ಕಡೆಯವರು. ಮಳೆ ಕೈಕೊಟ್ಟ ವರ್ಷ ಊರನ್ನು ಬಿಟ್ಟು ಬಂದು ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮುಂದೆ ನಿಂತವರು. ತಾಯಿ ಸಿದ್ಧ ಉಡುಪಿನ ಕಾರ್ಖಾನೆಗೆ ಹೋಗುವವರು. ಬಾಡಿಗೆಯ ಎರಡು ಕೋಣೆಗಳಲ್ಲಿ ಸಂಸಾರ. ಅಕ್ಕತಂಗಿಯರಿಬ್ಬರೂ ಶ್ರೀಮಠದ ವಿದ್ಯಾಸಂಸ್ಥೆಯಲ್ಲಿ ಓದಿದವರು. ಅಕ್ಕ ಓದು ಮುಗಿಸಿ ಉದ್ಯೋಗಕ್ಕೆ ಸೇರಿದ್ದಳು, ತಂಗಿ ಪದವಿಪೂರ್ವ ತರಗತಿಯಲ್ಲಿದ್ದಳು.

ಸಂಸ್ಥೆಯ ಗ್ರಂಥಾಲಯದಲ್ಲಿ ಗಾಜಿನ ಬೀರುವೊಂದಿದೆ. ಅಮೆರಿಕದಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಯೊಬ್ಬರು ಅಭಿಮಾನದಿಂದ ಕಳುಹಿಸಿಕೊಟ್ಟ ಎರಡು ಪೆಟ್ಟಿಗೆ ಪುಸ್ತಕಗಳು ಅದರಲ್ಲಿದ್ದುವು. ದಾಖಲೆಯಲ್ಲಿ ಅವುಗಳಿಗೆ ಸಂಖ್ಯೆ ಬಿದ್ದಿತ್ತು, ಬೆನ್ನಿಗೆ ಚೀಟಿ ಅಂಟಿತ್ತು, ಬೀರುವಿಗೆ ಬೀಗ ಬಿದ್ದಿತ್ತು. ಸಂದರ್ಶಕರು ಬಂದಾಗ ತೋರಿಸಲಾಗುತ್ತಿತ್ತು. ಓದಲು ಯಾರೂ ಕೇಳುತ್ತಿರಲಿಲ್ಲ, ಕೇಳದೆ ಯಾರೂ ಕೊಡುತ್ತಿರಲಿಲ್ಲ. ಬಸವ ಜಯಂತಿಯ ಮುನ್ನಾದಿನ ಗ್ರಂಥಾಲಯವನ್ನು ಶುಚಿಗೊಳಿಸುವ ಸರದಿ ಈ ಹುಡುಗಿಯ ಪಾಲಿಗೆ ಬಂದಿತು. ಧೂಳು ಒರೆಸುತ್ತಿದ್ದವಳು ಒಂದು ಪುಸ್ತಕವನ್ನು ಬಿಡಿಸಿ, ನಿಂತಲ್ಲಿಯೇ ನಿಂತು ಓದತೊಡಗಿದಳು. ಗ್ರಂಥಪಾಲಕರು ಗದರಿಸಲಿಲ್ಲ. “ಬೇಕಾದರೆ ತೆಗೆದುಕೊಂಡು ಹೋಗಮ್ಮ, ಸಹಿ ಮಾಡು” ಎಂದರು. ಆ ಬೀರುವಿನ ಪುಸ್ತಕಕ್ಕೆ ಬಿದ್ದ ಮೊದಲ ಸಹಿ ಅದು.

ಪುಸ್ತಕದ ಹೆಸರು ‘ವಾಲ್ಡನ್’. ಕರ್ತೃ ಹೆನ್ರಿ ಡೇವಿಡ್ ಥೋರೋ. 1845ರ ಜುಲೈ 4ರಂದು ಈತನು ಮ್ಯಾಸಚುಸೆಟ್ಸ್ ಸಂಸ್ಥಾನದ ಕಾಂಕರ್ಡ್ ಎಂಬ ಊರಿನ ಹೊರಗೆ, ವಾಲ್ಡನ್ ಎಂಬ ಕೊಳದ ದಡದಲ್ಲಿ, ತಾನೇ ಕಟ್ಟಿಕೊಂಡ ಗುಡಿಸಲಿನಲ್ಲಿ ವಾಸಕ್ಕೆ ತೊಡಗಿದನು. ಎರಡು ವರ್ಷ, ಎರಡು ತಿಂಗಳು, ಎರಡು ದಿನ ಅಲ್ಲಿದ್ದನು. ಮನುಷ್ಯನಿಗೆ ಬದುಕಲು ನಿಜವಾಗಿ ಬೇಕಾದುದೆಷ್ಟು ಎಂಬುದನ್ನು ಪರೀಕ್ಷಿಸಿ ನೋಡುವುದು ಅವನ ಉದ್ದೇಶ. ಆ ಅನುಭವದ ಗ್ರಂಥವು 1854ರಲ್ಲಿ ಪ್ರಕಟವಾಯಿತು.

ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟನ್ನು ಪಕ್ಕದಲ್ಲಿರಿಸಿಕೊಂಡು ಹುಡುಗಿಯು ದಿನಕ್ಕೆ ಎರಡು ಮೂರು ಪುಟದಂತೆ ಓದಿದಳು. ಕೊಳ, ಸರೋವರ, ಕಾಸಾರ ಎಂಬ ಪದಗಳು ನಿಘಂಟಿನಲ್ಲಿ ದೊರೆಯಬಹುದಾಗಿದ್ದರೂ ತನ್ನ ನೋಟುಪುಸ್ತಕದ ಮೊದಲ ಪುಟದಲ್ಲಿ ಆಕೆ ಬರೆದುದು ‘ವಾಲ್ಡನ್ ಕುಂಟೆ’ ಎಂದು. ಭಾಷಾಂತರವೆಂಬುದು ಇದಕ್ಕಿಂತ ಸಹಜವಾಗಿರಲು ಸಾಧ್ಯವಿಲ್ಲ. ಸಾವಿರಾರು ಮೈಲಿಯಾಚೆಯ ನೀರು ಒಂದೇ ಪದದಿಂದ ಬಾಗಲಗುಂಟೆಯ ನೆರೆಯದಾಯಿತು.

ಥೋರೋ ಲೆಕ್ಕಾಚಾರದ ಮನುಷ್ಯ. ಅವನ ತಂದೆಯದು ಪೆನ್ಸಿಲು ತಯಾರಿಸುವ ಉದ್ಯಮ, ಮಗನೂ ಅದರಲ್ಲಿ ದುಡಿದವನು. ಗುಡಿಸಲಿಗೆ ತಗುಲಿದ ವೆಚ್ಚವನ್ನು ಹಲಗೆ, ಮೊಳೆ, ಸುಣ್ಣ, ಗಾಜು ಎಂದು ಬಿಡಿಬಿಡಿಯಾಗಿ ಕೊಟ್ಟು, ಒಟ್ಟು 28 ಡಾಲರ್ 12½ ಸೆಂಟ್ ಎಂದು ತೋರಿಸಿದ್ದಾನೆ. ಹುಡುಗಿಯು ಒಂದು ರಾತ್ರಿ ಊಟವಾದ ಮೇಲೆ ಈ ಪಟ್ಟಿಯನ್ನು ಕನ್ನಡದಲ್ಲಿ ಮನೆಯವರಿಗೆ ಓದಿ ಹೇಳಿದಳು. ತಂದೆ ಸಾವಧಾನದಿಂದ ಕೇಳಿ, “ಜಾಗಾ ಯಾರದವ್ವಾ? ಬಾಡಗಿ ಲೆಕ್ಕದಾಗ ಹಿಡದಾನೇನು?” ಎಂದರು. ಮಗಳು ಹುಡುಕಿ ನೋಡಿದಳು. ಬಾಡಿಗೆ ಹಿಡಿದಿರಲಿಲ್ಲ, ನೆಲವು ಅವನ ಹಿರಿಯ ಮಿತ್ರನೂ ಪ್ರಸಿದ್ಧ ಲೇಖಕನೂ ಆದ ಎಮರ್ಸನ್ನನದಾಗಿತ್ತು. ಒಳಗಿನಿಂದ ತಾಯಿ, “ಅಂವನ ಅರಿವಿ ಯಾರು ಒಗೀತಿದ್ರು, ಅದನ್ನೂ ನೋಡು” ಎಂದರು. ಅದೂ ಪುಸ್ತಕದಲ್ಲಿಯೇ ದೊರೆಯಿತು. ಬಟ್ಟೆ ಒಗೆಯುವ, ಹೊಲಿಯುವ ಕೆಲಸ ಬಹುಮಟ್ಟಿಗೆ ಹೊರಗಡೆ ನಡೆಯುತ್ತಿತ್ತೆಂದೂ ಅದರ ಲೆಕ್ಕದ ಚೀಟಿ ಇನ್ನೂ ಕೈಸೇರಿಲ್ಲವೆಂದೂ ಗ್ರಂಥಕರ್ತನು ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದಾನೆ. “ಇನ್ನ ಬರೂದಿಲ್ಲ ಬಿಡು ಆ ಚೀಟಿ” ಎಂದು ತಾಯಿ ನಕ್ಕರು.

ಬಾಡಿಗೆ ಕಟ್ಟುವವರಿಗೆ ಬಾಡಿಗೆಯ ಪ್ರಶ್ನೆ, ಬಟ್ಟೆ ಒಗೆಯುವವರಿಗೆ ಒಗೆತದ ಪ್ರಶ್ನೆ. ದೊಡ್ಡ ಗ್ರಂಥದ ಲಕ್ಷಣವೆಂದರೆ ಇಂಥ ಪ್ರಶ್ನೆಗಳಿಗೆ ಅದು ಹೆದರುವುದಿಲ್ಲ. ಉತ್ತರವನ್ನು ತನ್ನ ಒಡಲಿನಲ್ಲಿಯೇ ಇಟ್ಟುಕೊಂಡಿರುತ್ತದೆ. ಹುಡುಗಿಯು ಇವೆರಡನ್ನೂ ನೋಟುಪುಸ್ತಕದಲ್ಲಿ ಬರೆದುಕೊಂಡು, ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನು ಅದರ ಕೆಳಗೆ ಸೇರಿಸಿದಳು. ಕಲ್ಯಾಣದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ, ಅದನ್ನು ಹಿಂದಕ್ಕೆ ಸುರಿದು ಬರುವಂತೆ ಹೆಂಡತಿ ಲಕ್ಕಮ್ಮ ಹೇಳಿದ ಸಂಗತಿ ಶರಣಸಾಹಿತ್ಯವನ್ನು ಬಲ್ಲವರಿಗೆಲ್ಲ ತಿಳಿದುದೇ ಆಗಿದೆ. ಹುಡುಗಿಯ ಬರಹ ಹೀಗಿದೆ: “ಥೋರೋ ಖರ್ಚಾದುದನ್ನು ಎಣಿಸಿದ. ಲಕ್ಕಮ್ಮ ಮನೆಯೊಳಗೆ ಬರಬಾರದುದನ್ನು ಎಣಿಸಿದಳು. ಥೋರೋನ ಲೆಕ್ಕದಲ್ಲಿ ಊಟಕ್ಕೆ ಒಬ್ಬನೇ. ಲಕ್ಕಮ್ಮನ ಲೆಕ್ಕದಲ್ಲಿ ಬರುವ ಜಂಗಮರೂ ಇದ್ದರು. ಇಬ್ಬರಿಗೂ ಕಡಿಮೆ ಸಾಕಾಗಿತ್ತು. ಆದರೆ ಹತ್ತು ಜನರಿಗೆ ಉಣ್ಣಿಸಿ ಕಡಿಮೆಯಲ್ಲಿರುವುದು ಹೆಚ್ಚು ಕಷ್ಟ.” ಕಾಯಕ, ದಾಸೋಹಗಳ ಸಂಬಂಧವನ್ನು ಕುರಿತು ವಿದ್ವಾಂಸರು ದೀರ್ಘವಾಗಿ ಬರೆದಿದ್ದಾರೆ, ಇಷ್ಟು ಚಿಕ್ಕದಾಗಿ ಹೇಳಿದವರು ವಿರಳ.

ಇದೇ ಥೋರೋ ಗುಲಾಮಗಿರಿಯನ್ನೂ ಮೆಕ್ಸಿಕೋದ ಮೇಲಿನ ಯುದ್ಧವನ್ನೂ ನಡೆಸುವ ಸರ್ಕಾರಕ್ಕೆ ತಲೆಗಂದಾಯ ಕೊಡಲೊಲ್ಲೆನೆಂದು 1846ರ ಜುಲೈಯಲ್ಲಿ ಒಂದು ರಾತ್ರಿ ಸೆರೆಮನೆಯಲ್ಲಿದ್ದನು. ಯಾರೋ ಅವನ ಪರವಾಗಿ ಹಣ ಕಟ್ಟಿದ್ದರಿಂದ ಮರುದಿನ ಬಿಡುಗಡೆಯಾಯಿತು. ಆ ಅನುಭವದಿಂದ ಹುಟ್ಟಿದ ಪ್ರಬಂಧವು 1849ರಲ್ಲಿ ಅಚ್ಚಾಗಿ, ಮುಂದೆ ದಕ್ಷಿಣ ಆಫ್ರಿಕದಲ್ಲಿದ್ದ ಗಾಂಧೀಜಿಯವರ ಕೈಸೇರಿತು. ಅವರು 1907ರಲ್ಲಿ ತಮ್ಮ ‘ಇಂಡಿಯನ್ ಒಪಿನಿಯನ್’ ಪತ್ರಿಕೆಯಲ್ಲಿ ಅದನ್ನು ಪರಿಚಯಿಸಿದರು. ಇತಿಹಾಸದ ಉಪಾಧ್ಯಾಯರು ಈ ಎಳೆಯನ್ನು ಮುಂದುವರಿಸಿ, 1930ರ ದಶಕದ ಆರಂಭದಲ್ಲಿ ಅಂಕೋಲಾ, ಸಿದ್ದಾಪುರ, ಹಿರೇಕೆರೂರು ತಾಲ್ಲೂಕುಗಳಲ್ಲಿ ನಡೆದ ಕರನಿರಾಕರಣೆಯ ಚಳವಳಿಯನ್ನು ಹುಡುಗಿಗೆ ವಿವರಿಸಿದರು. ಕಂದಾಯ ಕೊಡಲೊಪ್ಪದ ರೈತರ ಜಮೀನು ಜಪ್ತಿಯಾಗಿ ಹರಾಜಾಯಿತು; ಸಂಸಾರಗಳು ಬೀದಿಗೆ ಬಂದುವು; ಸೆರೆವಾಸಗಳಾದುವು. ಅಷ್ಟಾದರೂ ಬಹುಮಂದಿ ತಲೆಬಾಗಲಿಲ್ಲ.

ಹುಡುಗಿ ಮೊದಲು ಬರೆದುದು “ಒಂದೇ ರಾತ್ರಿಯೆ?” ಎಂದು. ಧ್ವನಿಯಲ್ಲಿ ತುಸು ತಾತ್ಸಾರವಿದ್ದುದು ಸ್ಪಷ್ಟ. ನಾಲ್ಕು ದಿನಗಳ ಬಳಿಕ ಅದೇ ಪುಟದ ಅಂಚಿನಲ್ಲಿ, ಬೇರೆ ಶಾಯಿಯಲ್ಲಿ, ಮತ್ತೊಂದು ಮಾತಿದೆ: “ಒಂದೇ ರಾತ್ರಿ. ಆದರೆ ಅವನು ಬರೆದಿಟ್ಟ. ಅಂಕೋಲೆಯವರು ಎಲ್ಲ ಕಳೆದುಕೊಂಡರು. ಅವರ ಮನೆಯ ಹೆಂಗಸರು ಆ ರಾತ್ರಿ ಏನು ಮಾತನಾಡಿಕೊಂಡರೆಂದು ನಾನು ಎಲ್ಲಿ ಓದಲಿ?” ತನ್ನ ತೀರ್ಪನ್ನು ತಾನೇ ತಿದ್ದಿಕೊಳ್ಳುವ ಈ ಗುಣವು ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಕಾಣಸಿಗುವುದಿಲ್ಲ, ಅಲ್ಲಿ ಅಂಚಿಗೆ ಅವಕಾಶವಿಲ್ಲ.

ಎರಡನೆಯ ಗ್ರಂಥ ವಾಲ್ಟ್ ವ್ಹಿಟ್ಮನ್ನನ ‘ಲೀವ್ಸ್ ಆಫ್ ಗ್ರಾಸ್’. ಇದು ಆಕೆಗೆ ಪೂರ್ಣವಾಗಿ ಒಗ್ಗಲಿಲ್ಲ. ಬಹಳ ಕಡೆ ‘ಅರ್ಥವಾಗಲಿಲ್ಲ’ ಎಂದು ನಿಸ್ಸಂಕೋಚವಾಗಿ ಬರೆದುಕೊಂಡಿದ್ದಾಳೆ. ಆದರೆ ಎರಡು ಸಂಗತಿಗಳು ಆಕೆಯನ್ನು ಹಿಡಿದು ನಿಲ್ಲಿಸಿದುವು. 1855ರ ಮೊದಲ ಮುದ್ರಣದ ಮುಖಪುಟದಲ್ಲಿ ಕವಿಯ ಹೆಸರಿರಲಿಲ್ಲ. ಕೆಲಸಗಾರನ ಉಡುಪಿನ ಚಿತ್ರವೊಂದು ಮಾತ್ರ ಒಳಗಿತ್ತು. ತನ್ನ ಹೆಸರನ್ನು ಬಿಟ್ಟು ಇಷ್ಟದೈವದ ಅಂಕಿತವನ್ನಿಟ್ಟ ಶರಣರು ಆಕೆಗೆ ಒಡನೆಯೇ ನೆನಪಾದರು. ಆದರೆ ಕಾವ್ಯದ ಒಳಗೆ ಒಂದೆಡೆ ಕವಿಯ ಹೆಸರು ನುಸುಳಿರುವುದನ್ನೂ ಆಕೆ ಗಮನಿಸದೆ ಬಿಡಲಿಲ್ಲ. ಎರಡನೆಯದಾಗಿ, ಬಡಗಿ, ಕಮ್ಮಾರ, ದೋಣಿಕಾರ ಮುಂತಾದ ದುಡಿಯುವವರನ್ನೆಲ್ಲ ವ್ಹಿಟ್ಮನ್ ಸಾಲುಸಾಲಾಗಿ ಕರೆದು ಹಾಡುತ್ತಾನೆ. “ಇವನು ಅಂಬಿಗನನ್ನು ಹಾಡುತ್ತಾನೆ. ನಮ್ಮಲ್ಲಿ ಅಂಬಿಗರ ಚೌಡಯ್ಯನೇ ಹಾಡಿದ, ಮಡಿವಾಳ ಮಾಚಯ್ಯನೇ ಹಾಡಿದ, ನುಲಿಯ ಚಂದಯ್ಯನೇ ಹಾಡಿದ” ಎಂದು ಆಕೆ ಬರೆದ ಮಾತು ಅಭಿಮಾನದ್ದು. ಅದರ ಮುಂದಿನ ಸಾಲು ಅಭಿಮಾನದ್ದಲ್ಲ: “ಈಗ ಅಪ್ಪನ ಕಾರ್ಖಾನೆಯಲ್ಲಿ ಯಾರು ಹಾಡುತ್ತಾರೆ?”

ಮೂರನೆಯದು ಮಾರ್ಕ್ ಟ್ವೇನನ ‘ಹಕಲ್‌ಬೆರಿ ಫಿನ್’. 1884ರಲ್ಲಿ ಇಂಗ್ಲೆಂಡಿನಲ್ಲಿ, ಮರುವರ್ಷ ಅಮೆರಿಕದಲ್ಲಿ ಪ್ರಕಟವಾದ ಈ ಕಾದಂಬರಿಯ ಕಥೆ ನಡೆಯುವುದು ಗುಲಾಮಗಿರಿಯು 1865ರಲ್ಲಿ ರದ್ದಾಗುವುದಕ್ಕೆ ಬಹಳ ಹಿಂದೆ. ಹಕ್ ಎಂಬ ತಾಯಿಯಿಲ್ಲದ ಹುಡುಗನೂ ಜಿಮ್ ಎಂಬ ಓಡಿಬಂದ ಗುಲಾಮನೂ ಮಿಸಿಸಿಪ್ಪಿ ನದಿಯಲ್ಲಿ ತೆಪ್ಪದ ಮೇಲೆ ಸಾಗುತ್ತಾರೆ. ಕರಿಯ ಜನರನ್ನು ಕುರಿತ ಹೀನಾಯದ ಪದವೊಂದು ಪುಸ್ತಕದುದ್ದಕ್ಕೂ ಬರುತ್ತದೆ. ನಿಘಂಟಿನಲ್ಲಿ ಅದರ ಅರ್ಥವನ್ನು ನೋಡಿದ ಹುಡುಗಿ, ನಮ್ಮ ಬೀದಿಗಳಲ್ಲಿ ಬೈಗುಳವಾಗಿ ಬಳಕೆಯಾಗುವ ಜಾತಿಯ ಹೆಸರುಗಳನ್ನು ನೆನೆದು, “ಈ ಪದವನ್ನು ಕನ್ನಡಿಸಲು ಕಷ್ಟವಿಲ್ಲ, ಅದೇ ನಾಚಿಕೆ” ಎಂದು ಬರೆದು ಮುಂದೆ ಸಾಗಿದ್ದಾಳೆ.

ಕಥೆಯ ನಡುವೆ ಒಂದು ಘಟ್ಟ ಬರುತ್ತದೆ. ಗುಲಾಮನು ಒಡತಿಯ ಸ್ವತ್ತು, ಅವನನ್ನು ತಪ್ಪಿಸಿಕೊಂಡು ಹೋಗಲು ಬಿಡುವುದು ಕಳವು, ಕಳ್ಳನಿಗೆ ನರಕ ಎಂದು ಹಕ್‌ಗೆ ಊರಿನ ಸಜ್ಜನರೆಲ್ಲ ಕಲಿಸಿದ್ದಾರೆ. ಜಿಮ್ ಎಲ್ಲಿದ್ದಾನೆಂದು ಒಡತಿಗೆ ತಿಳಿಸಲು ಅವನು ಒಂದು ಕಾಗದವನ್ನು ಬರೆದೂಬಿಡುತ್ತಾನೆ. ಬರೆದ ಮೇಲೆ ಮನಸ್ಸು ಹಗುರವಾಯಿತೆಂದುಕೊಳ್ಳುತ್ತಾನೆ. ಆಮೇಲೆ ತೆಪ್ಪದ ಮೇಲೆ ಜಿಮ್ ತನ್ನನ್ನು ಎಚ್ಚರಿಸದೆ ತಾನೇ ಕಾವಲಿದ್ದ ರಾತ್ರಿಗಳು ನೆನಪಾಗುತ್ತವೆ. ತನಗೆ ನರಕವೇ ಆಗಲೆಂದು ನಿಶ್ಚಯಿಸಿ ಕಾಗದವನ್ನು ಹರಿದುಬಿಡುತ್ತಾನೆ. ತಾನು ಮಾಡುತ್ತಿರುವುದು ಪುಣ್ಯವೆಂದು ಅವನಿಗೆ ಆಗಲೂ ಗೊತ್ತಿಲ್ಲ; ಪಾಪವೆಂದೇ ನಂಬಿ ಸರಿಯಾದುದನ್ನು ಮಾಡುತ್ತಾನೆ.

ಈ ಪ್ರಕರಣವನ್ನು ಹುಡುಗಿ ಓದಿದುದು ಮನೆಯಲ್ಲಿ ಅಕ್ಕನ ಮದುವೆಯ ಮಾತುಕತೆ ನಡೆಯುತ್ತಿದ್ದ ದಿನಗಳಲ್ಲಿ. ಅಕ್ಕನೊಡನೆ ಉದ್ಯೋಗದಲ್ಲಿದ್ದ ಯುವಕನ ಮನೆಯಿಂದ ಒಂದು ಪ್ರಸ್ತಾಪ ಬಂದಿತ್ತು. ಅವರೂ ಲಿಂಗವಂತರೇ, ಕೊರಳಲ್ಲಿ ಇಷ್ಟಲಿಂಗವಿದ್ದವರೇ. ಉಪಪಂಗಡ ಬೇರೆ. ಅಷ್ಟಕ್ಕೇ ಮಾತು ನಿಂತಿತು. ಯಾರೂ ಗಟ್ಟಿಯಾಗಿ ಮಾತನಾಡಲಿಲ್ಲ, ಯಾರೂ ಕೆಟ್ಟವರಾಗಲಿಲ್ಲ. “ನಮ್ಮ ಕಡೆ ಹಂಗ ನಡೆಯೂದಿಲ್ಲ” ಎಂದು ಊರಿನಿಂದ ಬಂದ ಹಿರಿಯರು ಹೇಳಿದರು, ಅಷ್ಟೆ. ಅವರೇ ನೋಡಿದ ಕಡೆ ಸಂಬಂಧ ಕುದುರಿತು. ಅಕ್ಕ ಒಂದು ದಿನ ಊಟ ಬಿಟ್ಟಳು, ಮರುದಿನ ಉಂಡಳು.

ಆ ವಾರದ ಪುಟ ಹೀಗಿದೆ: “ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಮದುವೆ ಮಾಡಿಸಿದ್ದಕ್ಕೆ ಕಲ್ಯಾಣದಲ್ಲಿ ರಕ್ತ ಹರಿಯಿತೆಂದು ಪ್ರತಿವರ್ಷ ಬಸವ ಜಯಂತಿಯಂದು ಭಾಷಣ ಕೇಳುತ್ತೇನೆ. ಒಮ್ಮೆ ಭಾಷಣ ಸ್ಪರ್ಧೆಯಲ್ಲಿ ನಾನೇ ಹೇಳಿ ಬಹುಮಾನ ಪಡೆದಿದ್ದೇನೆ. ಹಕ್‌ಗೆ ಒಳ್ಳೆಯದನ್ನು ಯಾರೂ ಕಲಿಸಿರಲಿಲ್ಲ, ಆದರೂ ಮಾಡಿದ. ನನಗೆ ಎಲ್ಲರೂ ಕಲಿಸಿದ್ದರು. ಹಕ್ ಕಾಗದವನ್ನು ಹರಿದ. ನಾನು ಅಕ್ಕನ ಲಗ್ನಪತ್ರಿಕೆಗಳಿಗೆ ಅರಿಸಿನ ಹಚ್ಚಿದೆ.”

ಇದರ ಕೆಳಗೆ ಪುಟ ಖಾಲಿ ಇದೆ.

ವಾರ್ಷಿಕೋತ್ಸವದ ಸಂಚಿಕೆಗೆ ವಿದ್ಯಾರ್ಥಿಗಳ ಬರಹಗಳನ್ನು ಆರಿಸುವಾಗ ಇಂಗ್ಲಿಷ್ ಉಪಾಧ್ಯಾಯಿನಿಯವರು ಈ ನೋಟುಪುಸ್ತಕವನ್ನು ಉಪಾಧ್ಯಾಯರ ಕೊಠಡಿಗೆ ತಂದರು. ಥೋರೋ, ವ್ಹಿಟ್ಮನ್ನರ ಪುಟಗಳನ್ನು ಎಲ್ಲರೂ ಮೆಚ್ಚಿದರು. ಕೊನೆಯ ಪುಟದ ವಿಷಯದಲ್ಲಿ ಭಿನ್ನಾಭಿಪ್ರಾಯ ಬಂದಿತು. ಇದು ಸಾಹಿತ್ಯ ವಿಮರ್ಶೆಯಲ್ಲ, ಮನೆಯ ಮಾತು. ದಾನಿಗಳೂ ಹಿರಿಯರೂ ಓದುವ ಸಂಚಿಕೆಯಲ್ಲಿ ಇದು ಬೇಕೆ ಎಂದು ಕೆಲವರು ಕೇಳಿದರು. ಅವರ ಶಂಕೆ ಅಕಾರಣವಾದುದಲ್ಲ. ಹೆಣ್ಣುಮಗಳೊಬ್ಬಳ ಹೊಸ ಸಂಸಾರದ ಪ್ರಶ್ನೆಯೂ ಅಲ್ಲಿತ್ತು. ಹುಡುಗಿಯನ್ನೇ ಕರೆದು ವಿಚಾರಿಸಲಾಯಿತು. “ಪುಸ್ತಕದಲ್ಲಿ ಇದ್ದುದನ್ನೇ ಬರೆದಿದ್ದೇನೆ, ಮೇಡಂ. ಊರು ಮಾತ್ರ ಬೇರೆ” ಎಂದಳು. ಕಡೆಗೆ ಮನೆಯವರ ಒಪ್ಪಿಗೆಯಿಲ್ಲದೆ ಅಚ್ಚು ಹಾಕುವುದು ಬೇಡವೆಂದು ತೀರ್ಮಾನವಾಯಿತು. ಅಕ್ಕನನ್ನು ಕೇಳಲಾಗಿ ಆಕೆ ಒಪ್ಪಿದಳು. ತಂದೆ ಭಾನುವಾರ ಬಂದು, ಆ ಪುಟವನ್ನು ನಿಧಾನವಾಗಿ ಎರಡು ಸಲ ಓದಿದರು. “ಬರದದ್ದು ಖರೇನ ಐತ್ರಿ. ಅಚ್ಚು ಹಾಕ್ರಿ. ಹುಡುಗೀ ಹೆಸರು ಮಾತ್ರ ಬ್ಯಾಡ್ರಿ” ಎಂದರು. ಆದುದರಿಂದಲೇ ಇಲ್ಲಿ ಹೆಸರಿಲ್ಲ.

ಪರದೇಶದ ಸಾಹಿತ್ಯವನ್ನು ಓದಿದರೆ ಮಕ್ಕಳು ತಮ್ಮತನವನ್ನು ಕಳೆದುಕೊಳ್ಳುವರೆಂಬ ಅಂಜಿಕೆ ಅನೇಕರಲ್ಲಿದೆ. ಈ ನೋಟುಪುಸ್ತಕವು ಬೇರೆಯದನ್ನೇ ತೋರಿಸುತ್ತದೆ. ಲಕ್ಕಮ್ಮ, ಚೌಡಯ್ಯ, ಹರಳಯ್ಯರು ಈ ಹುಡುಗಿಗೆ ಪಠ್ಯದಿಂದ ಬಾಯಿಪಾಠವಾಗಿದ್ದರು. ಅಮೆರಿಕದ ಮೂವರು ಲೇಖಕರು ಬಂದು ಕೇಳಿದ ಮೇಲೆ ಅವರು ಆಕೆಗೆ ಉತ್ತರವಾದರು, ಕೆಲವೆಡೆ ಪ್ರಶ್ನೆಯೂ ಆದರು. ಎ. ಕೆ. ರಾಮಾನುಜನ್ ಅವರು 1973ರಲ್ಲಿ ‘ಸ್ಪೀಕಿಂಗ್ ಆಫ್ ಶಿವ’ ಎಂಬ ಹೆಸರಿನಲ್ಲಿ ವಚನಗಳನ್ನು ಇಂಗ್ಲಿಷಿನಲ್ಲಿ ಹೊರತಂದಾಗ, ಷಿಕಾಗೋ ನಗರದಲ್ಲಿ ಕುಳಿತು ಮಾಡಿದ ಆ ಕೆಲಸವು ನಮ್ಮ ಶರಣರನ್ನು ಅಲ್ಲಿನವರ ಮನೆಗೆ ಕೊಂಡೊಯ್ದಿತು. ಅಲ್ಲಿನವರು ಇಲ್ಲಿಗೆ ಬಂದರೆ ಬಾಗಿಲು ಮುಚ್ಚುವುದು ಉಚಿತವಲ್ಲ. ಮಾರ್ಗದರ್ಶಿ ಪುಸ್ತಕಗಳ ಸಿದ್ಧ ಉತ್ತರಗಳಿಂದ ಅಂಕಗಳು ಬರುತ್ತವೆ. ‘ಜಾಗ ಯಾರದು’ ಎಂಬ ಪ್ರಶ್ನೆ ಅವುಗಳಿಂದ ಬರುವುದಿಲ್ಲ.

ವಾಲ್ಡನ್ ಕೊಳಕ್ಕೆ ತಳವೇ ಇಲ್ಲವೆಂದು ಆ ಸೀಮೆಯ ಜನ ತಲೆಮಾರುಗಳಿಂದ ಹೇಳುತ್ತಿದ್ದರಂತೆ. ನಮ್ಮ ಹಳ್ಳಿಗಳಲ್ಲಿಯೂ ಹಳೆಯ ಬಾವಿಯನ್ನು ಕುರಿತು ಹೀಗೆಯೇ ಹೇಳುವುದುಂಟು. ಹಾಗೆ ಹೇಳಿದವರಾರೂ ಅಳೆದು ನೋಡಿದವರಲ್ಲ. 1846ರಲ್ಲಿ ಥೋರೋ ಒಂದು ದಾರಕ್ಕೆ ಒಂದೂವರೆ ಪೌಂಡಿನ ಕಲ್ಲನ್ನು ಕಟ್ಟಿ ನೀರಿಗೆ ಇಳಿಬಿಟ್ಟನು. ಅತ್ಯಂತ ಆಳವಾದ ಕಡೆ 102 ಅಡಿ ಬಂದಿತು. ಹುಡುಗಿ ಈ ಭಾಗದ ಕೆಳಗೆ ಗೆರೆ ಎಳೆದು, “ದಾರ ಉದ್ದವಿದ್ದರೆ ಸಾಕು” ಎಂದು ಬರೆದಿದ್ದಾಳೆ.

ಪುಸ್ತಕಗಳನ್ನು ಕಳುಹಿಸಿಕೊಟ್ಟ ಮಹನೀಯರಿಗೆ ಸಂಸ್ಥೆಯು ಹಿಂದೆಯೇ ವಂದನಾಪತ್ರವನ್ನು ಕಳುಹಿಸಿತ್ತು. ಈ ಸಲ ಆ ನೋಟುಪುಸ್ತಕದ ಕೆಲವು ಪುಟಗಳ ಪ್ರತಿಯನ್ನು ಕಳುಹಿಸಿದೆ. ಗಾಜಿನ ಬೀರುವಿನ ಬೀಗದ ಕೈಯನ್ನು ಈಗ ಪದವಿಪೂರ್ವ ತರಗತಿಯ ವಿದ್ಯಾರ್ಥಿಗಳ ಸುಪರ್ದಿಗೆ ಕೊಡಲಾಗಿದೆ. ಸಹಿಯ ಪುಸ್ತಕದಲ್ಲಿ ಎರಡನೆಯ ಪುಟ ತೊಡಗಿದೆ. ವಿದ್ಯಾದಾನದ ಫಲವನ್ನು ಹಿರಿಯರು ಬಗೆಬಗೆಯಾಗಿ ವರ್ಣಿಸಿದ್ದಾರೆ. ಕೊಟ್ಟದ್ದು ಒಂದು ಮನೆಯ ರಾತ್ರಿಯೂಟದ ಮಾತಿನೊಳಗೆ ಬೆರೆತುಹೋದರೆ, ಆ ಮನೆಯವರು ಅದನ್ನು ತೂಗಿ ನೋಡಿ, ಒಪ್ಪಿ, ಅಲ್ಲಗಳೆದು, ಕಡೆಗೆ ತಮ್ಮನ್ನೇ ತೂಗಿ ನೋಡಿಕೊಂಡರೆ, ಕೊಟ್ಟವರಿಗೂ ಕಲಿಸಿದವರಿಗೂ ಅದಕ್ಕಿಂತ ಬೇರೆ ಫಲಶ್ರುತಿ ಬೇಕಾಗಿಲ್ಲ.